ಆಗ್ನೆಸ್ ಪಾಕೆಲ್ಸ್ ಅವರ ತಗಡಿನ ತೊಟ್ಟಿ

ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಒಂದು ಮನೆಯಲ್ಲಿ 1880ರ ದಶಕದ ಆರಂಭದಲ್ಲಿ ಒಂದು ತಗಡಿನ ತೊಟ್ಟಿ ಇತ್ತು. ಉದ್ದ 70 ಸೆಂಟಿಮೀಟರ್, ಅಗಲ 5, ಆಳ 2. ಅಂಚಿನವರೆಗೂ ನೀರು. ನೀರಿಗೆ ಅಡ್ಡಲಾಗಿ ಒಂದೂವರೆ ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿ. ಅದರ ಅಡಿ ನೀರಿಗೆ ತಾಗಿಕೊಂಡಿರುತ್ತಿತ್ತು. ಪಟ್ಟಿಯನ್ನು ಸರಿಸಿದರೆ ಒಂದು ಬದಿಯ ನೀರಿನ ಮೇಲ್ಮೈ ಹಿಗ್ಗುತ್ತಿತ್ತು, ಇನ್ನೊಂದು ಬದಿಯದು ಕುಗ್ಗುತ್ತಿತ್ತು. ಪಕ್ಕದಲ್ಲೊಂದು ಪುಟ್ಟ ತಕ್ಕಡಿ. ಅದರ ಒಂದು ತುದಿಯಿಂದ 6 ಮಿಲಿಮೀಟರ್ ಅಗಲದ ಬಿಲ್ಲೆಯೊಂದು ನೀರನ್ನು ಮುಟ್ಟಿಕೊಂಡು ತೂಗುತ್ತಿತ್ತು. ಬಿಲ್ಲೆಯನ್ನು ನೀರಿನಿಂದ ಕಿತ್ತೆತ್ತಲು ಎಷ್ಟು ತೂಕ ಬೇಕಾಯಿತು ಎಂಬುದರಿಂದ ನೀರಿನ ಮೇಲ್ಮೈ ಎಳೆತ ಎಷ್ಟೆಂದು ಗೊತ್ತಾಗುತ್ತಿತ್ತು. ಉಪಕರಣವೆಂದರೆ ಇಷ್ಟೇ. ಇದನ್ನು ಕಟ್ಟಿಕೊಂಡಾಗ ಆಗ್ನೆಸ್ ಪಾಕೆಲ್ಸ್ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು.

ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಾಲಿಮರ್ ಪದರಗಳ ಮೇಲೆ ಕೆಲಸ ಮಾಡುತ್ತೇನೆ. ನೀರಿನ ಮೇಲೆ ಒಂದೇ ಅಣುವಿನಷ್ಟು ತೆಳುವಾಗಿ ಹರಡಿಕೊಂಡ ಪದರ ಏನೇನು ಮಾಡುತ್ತದೆ ಎಂದು ನೋಡುವುದೇ ನನ್ನ ಕಸುಬು. ನಮ್ಮ ತೊಟ್ಟಿ ಟೆಫ್ಲಾನಿನದು, ಪಟ್ಟಿಗಳನ್ನು ಮೋಟಾರು ಸರಿಸುತ್ತದೆ, ಲೆಕ್ಕವನ್ನು ಕಂಪ್ಯೂಟರ್ ಇಡುತ್ತದೆ. ಇದಕ್ಕೆ ಲ್ಯಾಂಗ್ಮ್ಯೂರ್ ತೊಟ್ಟಿ ಎಂಬ ಹೆಸರು ಜಗತ್ತಿನಾದ್ಯಂತ ಕೂತುಬಿಟ್ಟಿದೆ. ಆದರೆ ಪಟ್ಟಿ ಸರಿಸಿ ಪದರವನ್ನು ಒತ್ತುವ, ಒತ್ತಿದಾಗ ನೀರಿನ ಎಳೆತ ಎಷ್ಟು ಇಳಿಯಿತೆಂದು ಅಳೆಯುವ ಇಡೀ ವಿಧಾನ ಹುಟ್ಟಿದ್ದು ಬ್ರೌನ್‌ಶ್ವೈಗ್‌ನ ಆ ಮನೆಯಲ್ಲಿ. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಮೊದಲು ಆ ಕಥೆ ಹೇಳಿ, ಆಮೇಲೆ ತೊಟ್ಟಿ ಮುಟ್ಟಿಸುವುದು ನಾನು ಪಾಲಿಸಿಕೊಂಡು ಬಂದ ಪದ್ಧತಿ. ಅದಕ್ಕೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನೀರಿನ ಮೇಲೆ ಎಣ್ಣೆ ಹರಡುವುದನ್ನು ಮನುಷ್ಯರು ಬಹಳ ಹಿಂದಿನಿಂದ ಗಮನವಿಟ್ಟು ನೋಡಿದ್ದಾರೆ. ಬ್ಯಾಬಿಲೋನಿಯಾದ ಪುರೋಹಿತರು ಬಟ್ಟಲಿನ ನೀರಿಗೆ ಎಣ್ಣೆ ಬಿಟ್ಟು, ಅದು ಹರಡುವ ಬಗೆಯಲ್ಲಿ ಶಕುನ ಓದುತ್ತಿದ್ದರು. ಯಾವ ಆಕಾರಕ್ಕೆ ಯಾವ ಫಲ ಎಂಬುದನ್ನು ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟಿದ್ದಾರೆ. ಜಪಾನಿನವರು ನೀರಿನ ಮೇಲೆ ಮಸಿ ತೇಲಿಸಿ, ಅದರ ಸುರುಳಿಗಳನ್ನು ಕಾಗದಕ್ಕೆ ಎತ್ತಿಕೊಳ್ಳುವ ಸುಮಿನಾಗಾಶಿ ಕಲೆಯನ್ನು 12ನೇ ಶತಮಾನದ ಹೊತ್ತಿಗೇ ಬಲ್ಲವರಾಗಿದ್ದರು. ಅಲೆಯ ಮೇಲೆ ಎಣ್ಣೆ ಸುರಿದರೆ ಅಲೆ ತಗ್ಗುತ್ತದೆಂದು ರೋಮಿನ ಪ್ಲಿನಿ ಬರೆದಿದ್ದ. ನಾವಿಕರಿಗೆ ಇದು ತಲೆಮಾರುಗಳಿಂದ ಗೊತ್ತಿದ್ದ ಸಂಗತಿ.

ಇದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1757ರಲ್ಲಿ ಹಡಗುಗಳ ದೊಡ್ಡ ಗುಂಪಿನೊಂದಿಗೆ ಪ್ರಯಾಣ ಮಾಡುವಾಗ ಎರಡು ಹಡಗುಗಳ ಹಿಂದೆ ಮಾತ್ರ ನೀರು ನಯವಾಗಿರುವುದನ್ನು ಅವರು ಕಂಡರು. ಕಾರಣ ಕೇಳಿದಾಗ ಕಪ್ತಾನ, ಅಡುಗೆಯವರು ಜಿಡ್ಡಿನ ನೀರನ್ನು ಸಮುದ್ರಕ್ಕೆ ಚೆಲ್ಲಿರಬೇಕು ಎಂದನಂತೆ. ಫ್ರಾಂಕ್ಲಿನ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಮುಂದೆ ಲಂಡನ್ನಿನ ಕ್ಲಾಪಮ್ ಕಾಮನ್ ಎಂಬಲ್ಲಿನ ಕೆರೆಗೆ, ಗಾಳಿ ಬೀಸಿಬರುವ ಬದಿಯಿಂದ, ಒಂದು ಟೀ ಚಮಚದಷ್ಟು ಎಣ್ಣೆ ಬಿಟ್ಟರು. ಕಿರುಅಲೆಗಳು ಅಡಗುತ್ತ ಅಡಗುತ್ತ ಸುಮಾರು ಅರ್ಧ ಎಕರೆ ನೀರು ಕನ್ನಡಿಯಾಯಿತು. ಆಮೇಲೆ ಅವರು ಹೊರಗೆ ಹೋದಾಗಲೆಲ್ಲ ತಮ್ಮ ಬಿದಿರಿನ ಊರುಗೋಲಿನ ಮೇಲಿನ ಗಿಣ್ಣಿನ ಪೊಳ್ಳಿನಲ್ಲಿ ಸ್ವಲ್ಪ ಎಣ್ಣೆ ತುಂಬಿಕೊಂಡೇ ಹೋಗುತ್ತಿದ್ದರು, ಕೆರೆ ಕಂಡಲ್ಲಿ ಮಾಡಿ ತೋರಿಸಲಿಕ್ಕೆ. 1774ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದೆಲ್ಲ ಅಚ್ಚಾಯಿತು.

ಅವರು ಮಾಡದೆ ಬಿಟ್ಟದ್ದು ಒಂದು ಭಾಗಾಕಾರ. ಚಮಚದ ಎಣ್ಣೆ 5 ಮಿಲಿಲೀಟರ್ ಎನ್ನೋಣ. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. ಭಾಗಿಸಿದರೆ ಎಣ್ಣೆಯ ದಪ್ಪ ಸುಮಾರು ಎರಡೂವರೆ ನ್ಯಾನೋಮೀಟರ್, ಒಂದು ಮಿಲಿಮೀಟರಿನ ನಾಲ್ಕು ಲಕ್ಷದಲ್ಲೊಂದು ಭಾಗ. ಅದು ಒಂದು ಅಣುವಿನ ಉದ್ದಕ್ಕೆ ಹತ್ತಿರದ ಅಳತೆ. ಅಣುಗಳು ಇವೆಯೋ ಇಲ್ಲವೋ ಎಂದು ಮುಂದೆ ನೂರು ವರ್ಷ ವಾದ ನಡೆಯುವುದಿತ್ತು. ಆ ವಾದಕ್ಕೆ ಉತ್ತರದ ಒಂದು ತುದಿ ಕ್ಲಾಪಮ್ ಕೆರೆಯ ಮೇಲೆ ತೇಲುತ್ತಿತ್ತು. ನಮ್ಮ ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರ ಪುಸ್ತಕದಲ್ಲಿ ಹಿಂದೆ ಇದೇ ಲೆಕ್ಕ ಓಲಿಯಿಕ್ ಆಮ್ಲದ ಹೆಸರಿನಲ್ಲಿ ಇತ್ತು: ಒಂದು ಘನ ಸೆಂಟಿಮೀಟರ್ ಆಮ್ಲವನ್ನು ಆಲ್ಕೋಹಾಲಿನಲ್ಲಿ 20ಕ್ಕೆ ಏರಿಸಿ, ಅದರಲ್ಲಿ ಒಂದನ್ನು ಮತ್ತೆ 20ಕ್ಕೆ ಏರಿಸಿ, ಲೈಕೋಪೋಡಿಯಂ ಪುಡಿ ಉದುರಿಸಿದ ನೀರಿನ ಮೇಲೆ ಹನಿ ಬಿಟ್ಟು, ಹರಡಿದ ವೃತ್ತವನ್ನು ಅಳೆಯುವುದು. ಬಹಳ ಕಾಲೇಜುಗಳಲ್ಲಿ ಅದನ್ನು ಲೆಕ್ಕವಾಗಿ ಬಿಡಿಸಿ ಮುಂದೆ ಹೋಗುತ್ತಿದ್ದರು, ಮಾಡಿ ತೋರಿಸುತ್ತಿರಲಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ. ಒಂದು ಅಗಲ ತಟ್ಟೆ, ಒಂದು ಅಳತೆಪಟ್ಟಿ ಸಾಕು. ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನ ಕೈಯಿಂದ ಅಣುವನ್ನು ಅಳೆಯಬಹುದು.

ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ 1890ರಲ್ಲಿ ಆ ಭಾಗಾಕಾರ ಮಾಡಿದರು. 84 ಸೆಂಟಿಮೀಟರ್ ಅಗಲದ ದುಂಡು ಸ್ನಾನದ ಬೋಗುಣಿ, ಅದರಲ್ಲಿ ನೀರು, ನೀರಿನ ಮೇಲೆ ಕರ್ಪೂರದ ಚೂರುಗಳು. ಶುದ್ಧ ನೀರಿನ ಮೇಲೆ ಕರ್ಪೂರ ತಾನೇ ತಾನಾಗಿ ಓಡಾಡುತ್ತದೆ. ಎಣ್ಣೆ ಸಾಕಷ್ಟು ಹರಡಿದ ಕೂಡಲೇ ನಿಂತುಬಿಡುತ್ತದೆ. ಒಂದು ಮಿಲಿಗ್ರಾಮಿಗೂ ಕಡಿಮೆ ಆಲಿವ್ ಎಣ್ಣೆಗೆ ಕರ್ಪೂರ ನಿಂತಿತು. ದಪ್ಪ 1.6 ನ್ಯಾನೋಮೀಟರ್ ಎಂದು ಅವರು ಲೆಕ್ಕ ಹಾಕಿದರು.

ಆ ಹೊತ್ತಿಗೆ ಆಗ್ನೆಸ್ ಪಾಕೆಲ್ಸ್ ಸುಮಾರು ಹತ್ತು ವರ್ಷದಿಂದ ನೀರಿನ ಮೇಲ್ಮೈಯನ್ನು ಅಳೆಯುತ್ತಿದ್ದರು.

ಅವರು ಹುಟ್ಟಿದ್ದು 1862ರಲ್ಲಿ, ವೆನಿಸ್‌ನಲ್ಲಿ. ತಂದೆ ಆಸ್ಟ್ರಿಯಾದ ಸೈನ್ಯದಲ್ಲಿದ್ದರು. ಮಲೇರಿಯಾದಿಂದ ಆರೋಗ್ಯ ಕೆಟ್ಟು ಬೇಗ ನಿವೃತ್ತರಾಗಿ ಸಂಸಾರವನ್ನು ಬ್ರೌನ್‌ಶ್ವೈಗ್‌ಗೆ ಕರೆತಂದರು. ಆಗ್ನೆಸ್ ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದರು. ಭೌತಶಾಸ್ತ್ರದ ಮೇಲೆ ಆಸೆ ಇತ್ತು. ಆಗಿನ ಜರ್ಮನಿಯಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮುಂದೆ ತೆರೆಯುವ ಕಾಲ ಬಂದಾಗ ತಂದೆತಾಯಿಯ ಕಾಯಿಲೆ, ಮನೆವಾರ್ತೆ, ಆರೈಕೆ ಎಲ್ಲ ಅವರ ಹೆಗಲ ಮೇಲಿತ್ತು. ಮೂರು ವರ್ಷ ಚಿಕ್ಕವನಾದ ತಮ್ಮ ಫ್ರೀಡ್ರಿಶ್ ಗಟಿಂಗೆನ್‌ಗೆ ಹೋಗಿ ಭೌತಶಾಸ್ತ್ರ ಓದಿದ, ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕನಾದ. ಇಂದು ಲೇಸರ್ ಕೆಲಸ ಮಾಡುವವರು ದಿನನಿತ್ಯ ಹೆಸರಿಸುವ ಪಾಕೆಲ್ಸ್ ಪರಿಣಾಮ ಆ ತಮ್ಮನದು. ಅಕ್ಕನಿಗೆ ಪಠ್ಯಪುಸ್ತಕಗಳನ್ನೂ ಪತ್ರಿಕೆಗಳನ್ನೂ ತಂದುಕೊಡುತ್ತಿದ್ದವನೂ ಅವನೇ. ಅವನ ಮೇಲೆ ನನಗೆ ಕೃತಜ್ಞತೆ ಇದೆ. ಆದರೂ ಅದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಪ್ರಯೋಗಾಲಯ, ಇನ್ನೊಬ್ಬರಿಗೆ ಮನೆವಾರ್ತೆಯ ನಡುವೆ ಕದ್ದ ಹೊತ್ತು ಎಂಬುದನ್ನು ಓದುವಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ.

ಪಾತ್ರೆ ತೊಳೆಯುವಾಗ ಜಿಡ್ಡಿನ ನೀರು ನಡೆದುಕೊಳ್ಳುವ ರೀತಿ ನೋಡಿ ಅವರಿಗೆ ಈ ಆಸಕ್ತಿ ಹುಟ್ಟಿತು ಎಂಬ ಮಾತು ವಿಜ್ಞಾನಿಗಳ ನಡುವೆ ಬಹಳ ಪ್ರಚಾರದಲ್ಲಿದೆ. ಅದನ್ನು ಹೇಳುವಾಗ ಒಂದು ಬಗೆಯ ಮುದ್ದು ಧ್ವನಿಗೆ ಬಂದುಬಿಡುತ್ತದೆ, ನನಗದು ಸೇರುವುದಿಲ್ಲ. ಅವರು ಮಾಡಿದ ಕೆಲಸ ಅಳತೆಯ ಕೆಲಸ. ಮೇಲ್ಮೈಯನ್ನು ಶುದ್ಧಗೊಳಿಸುವುದು ಹೇಗೆಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಮೊದಲಿಗರು ಅವರು: ತಗಡಿನ ಪಟ್ಟಿಯನ್ನು ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ಮೇಲಿನ ಕೊಳೆಯನ್ನೆಲ್ಲ ಒಂದು ಕಡೆ ಗುಡಿಸುವುದು. ಹರಡಬೇಕಾದ ವಸ್ತುವನ್ನು ಬೇಗ ಆರಿಹೋಗುವ ದ್ರವದಲ್ಲಿ ಕರಗಿಸಿ ಹನಿಹನಿಯಾಗಿ ಬಿಡಬೇಕು, ದ್ರವ ಆರಿದ ಮೇಲೆ ವಸ್ತು ಮಾತ್ರ ಉಳಿಯುತ್ತದೆ ಎಂಬ ಉಪಾಯವನ್ನೂ ಅವರೇ ರೂಢಿಗೆ ತಂದರು. ಇವೆರಡೂ ಇಲ್ಲದೆ ನನ್ನ ಒಂದು ದಿನದ ಕೆಲಸವೂ ನಡೆಯುವುದಿಲ್ಲ. ಪಟ್ಟಿ ಸರಿಸಿ ಪದರವನ್ನು ಒತ್ತುತ್ತ ಹೋದರೆ ಮೊದಲು ಏನೂ ಆಗುವುದಿಲ್ಲ, ಒಂದು ನಿರ್ದಿಷ್ಟ ವಿಸ್ತೀರ್ಣ ಮುಟ್ಟಿದ ತಕ್ಷಣ ಎಳೆತ ಥಟ್ಟನೆ ಇಳಿಯತೊಡಗುತ್ತದೆ ಎಂಬುದನ್ನು ಕಂಡವರೂ ಅವರು.

ರ‍್ಯಾಲಿಯ ಕೆಲಸದ ಬಗ್ಗೆ ಓದಿ, 1891ರ ಜನವರಿ 10ರಂದು ಆಗ್ನೆಸ್ ರ‍್ಯಾಲಿಯವರಿಗೆ ಜರ್ಮನ್ ಭಾಷೆಯಲ್ಲೇ ಒಂದು ದೀರ್ಘ ಪತ್ರ ಬರೆದರು. ತಮ್ಮ ಪರಿಸ್ಥಿತಿಯಲ್ಲಿ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸುವುದು ಸಾಧ್ಯವಿಲ್ಲ, ಆದ್ದರಿಂದ ನಿಮಗೆ ತಿಳಿಸುತ್ತಿದ್ದೇನೆ ಎಂಬುದು ಅದರ ಆರಂಭದ ತಾತ್ಪರ್ಯ. ರ‍್ಯಾಲಿ ದೊಡ್ಡ ಮನುಷ್ಯರು. ಹೆಂಡತಿಯಿಂದ ಪತ್ರವನ್ನು ಇಂಗ್ಲಿಷಿಗೆ ಮಾಡಿಸಿ, ಈಕೆ ತೀರ ಸಾಧಾರಣ ಸಲಕರಣೆಯಿಂದ ಬೆಲೆಬಾಳುವ ಫಲ ಪಡೆದಿದ್ದಾರೆ ಎಂಬ ಶಿಫಾರಸಿನೊಂದಿಗೆ ‘ನೇಚರ್’ ಪತ್ರಿಕೆಗೆ ಕಳಿಸಿದರು. ಮಾರ್ಚ್ 12ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಮುಂದಿನ ವರ್ಷಗಳಲ್ಲಿ ಆಗ್ನೆಸ್ ಅದೇ ಪತ್ರಿಕೆಗೆ ಮತ್ತೆ ಬರೆದರು. ಅವರು ಗುರುತಿಸಿದ ಆ ವಿಸ್ತೀರ್ಣದಲ್ಲಿ ಅಣುಗಳು ಒಂದಕ್ಕೊಂದು ತಾಗಿಕೊಂಡು ಒಂದೇ ಸಾಲಿನ ಪದರವಾಗಿರಬೇಕು ಎಂದು 1899ರಲ್ಲಿ ರ‍್ಯಾಲಿ ಹೇಳಿದರು. ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಆಗ್ನೆಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು 1932ರಲ್ಲಿ, ಎಪ್ಪತ್ತನೇ ವಯಸ್ಸಿಗೆ. ಅದೇ ವರ್ಷ ಅರ್ವಿಂಗ್ ಲ್ಯಾಂಗ್ಮ್ಯೂರ್ ಅವರಿಗೆ ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಬಂತು. 1935ರಲ್ಲಿ ಆಗ್ನೆಸ್ ತೀರಿಕೊಂಡರು.

ಲ್ಯಾಂಗ್ಮ್ಯೂರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದವರು. 1917ರ ಅವರ ಲೇಖನ ಈ ವಿಷಯದ ಬೆನ್ನೆಲುಬು. ಉದ್ದ ಬೇರೆಬೇರೆಯಾದ ಕೊಬ್ಬಿನಾಮ್ಲಗಳನ್ನು ಹರಡಿ ಒತ್ತಿದರೂ ಪ್ರತಿ ಅಣು ಹಿಡಿಯುವ ಜಾಗ ಮಾತ್ರ ಹೆಚ್ಚುಕಮ್ಮಿ ಒಂದೇ ಎಂದು ಅವರು ತೋರಿಸಿದರು. ಅಂದರೆ ಅಣುಗಳು ನೀರಿಗೆ ತಲೆ ತಾಗಿಸಿ, ಬಾಲ ಗಾಳಿಗೆ ಚಾಚಿ ನೆಟ್ಟಗೆ ನಿಂತಿವೆ. ಅವರ ಜೊತೆಗಾರ್ತಿ ಕ್ಯಾಥರಿನ್ ಬ್ಲಾಜೆಟ್, ಕೇಂಬ್ರಿಜ್‌ನಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ನೀರಿನ ಮೇಲಿನ ಪದರವನ್ನು ಗಾಜಿಗೆ ಒಂದರ ಮೇಲೊಂದು ಎತ್ತಿಕೊಳ್ಳುವುದನ್ನು ಅವರು ಸಾಧಿಸಿದರು; 1938ರಲ್ಲಿ 44 ಪದರ ಕೂರಿಸಿ ಬೆಳಕನ್ನು ಪ್ರತಿಫಲಿಸದ ಗಾಜು ಮಾಡಿದರು.

ತೊಟ್ಟಿಯ ಕೆಲಸ ವೈದ್ಯಕೀಯಕ್ಕೂ ಹರಿಯಿತು. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ನೋಡಿದರು. ಅದು ಕಣಗಳ ಮೈಯ ಎರಡರಷ್ಟು ಜಾಗ ಹಿಡಿಯಿತು. ಜೀವಕೋಶದ ಹೊದಿಕೆ ಎರಡು ಪದರದ್ದು ಎಂಬ ಅರಿವು ಹೀಗೆ ತೊಟ್ಟಿಯ ಮೇಲೆ ಹುಟ್ಟಿತು. ಅವರ ಅಳತೆಯಲ್ಲಿ ಎರಡು ದೋಷಗಳಿದ್ದವು, ಎರಡೂ ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಬಂತು. 1957ರಲ್ಲಿ ಜಾನ್ ಕ್ಲೆಮೆಂಟ್ಸ್ ಶ್ವಾಸಕೋಶದ ಸಾರವನ್ನು ತೊಟ್ಟಿಯಲ್ಲಿ ಹರಡಿ, ಮೇಲ್ಮೈ ಕುಗ್ಗಿದಂತೆ ಎಳೆತ ತೀರಾ ಇಳಿಯುವುದನ್ನು ತೋರಿಸಿದರು. ಅವಧಿಗೆ ಮುಂಚೆ ಹುಟ್ಟಿ ಉಸಿರಿಗಾಗಿ ಒದ್ದಾಡುವ ಕೂಸುಗಳ ಶ್ವಾಸಕೋಶದಲ್ಲಿ ಈ ಪದರವೇ ಕೊರತೆ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಕಂಡುಕೊಂಡರು. 1980ರಲ್ಲಿ ಜಪಾನಿನ ಫುಜಿವಾರ ಮತ್ತು ಸಂಗಡಿಗರು ಕೃತಕವಾಗಿ ಆ ಪದರ ಕೊಟ್ಟು ಕೂಸುಗಳನ್ನು ಉಳಿಸಿದ್ದನ್ನು ವರದಿ ಮಾಡಿದರು. ಇಂದು ನಮ್ಮ ಊರುಗಳ ನವಜಾತ ಶಿಶು ಘಟಕಗಳಲ್ಲಿ ಕೂಸಿನ ಶ್ವಾಸನಾಳಕ್ಕೆ ಬಿಡುವ ಬಿಳಿ ದ್ರವ ಆ ದಾರಿಯಲ್ಲೇ ಬಂದದ್ದು.

ಇಲ್ಲಿಯವರೆಗೆ ಎಲ್ಲರಿಗೂ ಬೇಕಿದ್ದದ್ದು ಪದರ ಉಳಿಯುವುದು. ಅಲೆ ತಗ್ಗಿಸುವ ನಾವಿಕನಿಗೆ, ಗಾಜಿಗೆ ಲೇಪಿಸುವ ಬ್ಲಾಜೆಟ್‌ಗೆ, ಉಸಿರು ಕೊಡುವ ವೈದ್ಯನಿಗೆ. ಕೆರೆ ಕಟ್ಟೆಗಳ ನೀರು ಆವಿಯಾಗುವುದನ್ನು ತಡೆಯಲು ಹೊರಟವರಿಗಂತೂ ಅದೇ ಜೀವಾಳ. ಒಂದಣು ದಪ್ಪದ ಪದರ ನೀರಿನ ಆವಿಯನ್ನು ತಡೆಯುತ್ತದೆಂದು 1925ರಲ್ಲಿ ಎರಿಕ್ ರೀಡಿಯಲ್ ತೋರಿಸಿದ್ದರು. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಮ್ಯಾನ್ಸ್‌ಫೀಲ್ಡ್ ಜಲಾಶಯಗಳ ಮೇಲೆ ಸೀಟೈಲ್ ಆಲ್ಕೋಹಾಲ್ ಹರಡಿದರು. ಬೇಸಿಗೆಯಲ್ಲಿ ಕೆರೆ ಒಣಗುವ ನಾಡುಗಳೆಲ್ಲ ಆಸೆಯಿಂದ ನೋಡಿದ ಪ್ರಯೋಗ ಅದು. ಗಾಳಿ ಪದರವನ್ನು ದಂಡೆಗೆ ತಳ್ಳಿತು. ಉಳಿದದ್ದನ್ನು ನೀರಿನ ಸೂಕ್ಷ್ಮಜೀವಿಗಳು ತಿಂದುಹಾಕಿದವು. ಆಗಿನ ವರದಿಗಳಲ್ಲಿ ಇದು ಅಡ್ಡಿಗಳ ಪಟ್ಟಿಗೆ ಸೇರಿದ ಸಂಗತಿ. ನಾನು ಆ ಭಾಗವನ್ನು ಮತ್ತೆ ಮತ್ತೆ ಓದಿದ್ದೇನೆ, ಏಕೆಂದರೆ ನಮ್ಮ ತಲೆಮಾರು ತೊಟ್ಟಿಯ ಮುಂದೆ ಕೂತು ಕೇಳುವ ಪ್ರಶ್ನೆ ಅಲ್ಲಿಂದಲೇ ಹೊರಡುತ್ತದೆ: ಪದರ ಹೇಗೆ ಹೋಗುತ್ತದೆ, ಎಷ್ಟು ಹೊತ್ತಿನಲ್ಲಿ ಹೋಗುತ್ತದೆ, ಹೋಗುವ ಹೊತ್ತನ್ನು ನಾವು ಗೊತ್ತುಮಾಡಬಹುದೇ?

ಹೋಗಬೇಕಾದ ವಸ್ತುಗಳ ಚರಿತ್ರೆಯೂ ಹಳೆಯದೇ. ಹುಳಿಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಸ್ವೀಡನ್ನಿನ ಷೀಲೆ 1780ರಲ್ಲಿ ಬೇರ್ಪಡಿಸಿದರು. ನೈಲಾನ್ ಕೊಟ್ಟ ವಾಲೆಸ್ ಕೆರಾದರ್ಸ್ 1932ರಲ್ಲಿ ಅದರ ಪಾಲಿಮರ್ ಮೇಲೆ ಕೆಲಸ ಮಾಡಿದರು. ಸರಪಣಿ ಗಿಡ್ಡ, ತೇವಕ್ಕೆ ತಾಳುವುದಿಲ್ಲ ಎಂದು ಅದು ಮೂಲೆಗೆ ಬಿತ್ತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮೋರಿಸ್ ಲೆಮ್ವಾನ್ 1926ರಲ್ಲಿ ಬ್ಯಾಕ್ಟೀರಿಯಾಗಳು ತಮ್ಮೊಳಗೆ ಕೂಡಿಟ್ಟುಕೊಳ್ಳುವ ಒಂದು ಪಾಲಿಎಸ್ಟರನ್ನು ವಿವರಿಸಿದರು. ತೇವಕ್ಕೆ ತಾಳದಿರುವುದೇ ಗುಣ ಎಂದು ಮೊದಲು ಕಂಡದ್ದು ಶಸ್ತ್ರಚಿಕಿತ್ಸಕರಿಗೆ. 1966ರಲ್ಲಿ ಅಮೆರಿಕದ ಸೈನ್ಯದ ವೈದ್ಯಕೀಯ ಪ್ರಯೋಗಾಲಯದಿಂದ ಆರ್. ಕೆ. ಕುಲಕರ್ಣಿ ಮತ್ತು ಸಂಗಡಿಗರು ಪಾಲಿಲ್ಯಾಕ್ಟಿಕ್ ಆಮ್ಲವನ್ನು ಶಸ್ತ್ರಚಿಕಿತ್ಸೆಗೆ ಬಳಸುವ ಬಗ್ಗೆ ಬರೆದರು. 1970ರ ದಶಕದಲ್ಲಿ ಈ ಜಾತಿಯ ಪಾಲಿಮರುಗಳಿಂದ ಮಾಡಿದ, ಬಿಚ್ಚುವ ಅಗತ್ಯವೇ ಇಲ್ಲದ ಹೊಲಿಗೆ ದಾರಗಳು ಆಸ್ಪತ್ರೆಗೆ ಬಂದವು. ಹೆರಿಗೆಯಾದ ಮೇಲೆ ಹೊಲಿಗೆ ತಾನೇ ಕರಗಿಹೋಗುತ್ತದೆ ಎಂದು ಡಾಕ್ಟರು ಹೇಳುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿದ್ದಾರೆ.

ಪಾಲಿಲ್ಯಾಕ್ಟಿಕ್ ಆಮ್ಲ ಎಷ್ಟು ವೇಗವಾಗಿ ಕರಗುತ್ತದೆ ಎಂದು ತುಂಡನ್ನು ನೀರಿನಲ್ಲಿಟ್ಟು ಅಳೆಯಹೊರಟರೆ ಕಷ್ಟ ಶುರುವಾಗುತ್ತದೆ. ತಿಂಗಳುಗಟ್ಟಲೆ ಕಾಯಬೇಕು. ಜೊತೆಗೆ ನೀರು ತುಂಡಿನೊಳಗೆ ನುಗ್ಗಿ ಕೊಂಡಿಗಳನ್ನು ಕಡಿದಾಗ ಹುಟ್ಟುವ ಆಮ್ಲ ಒಳಗೇ ಸಿಕ್ಕಿಕೊಂಡು ಮತ್ತಷ್ಟು ಕಡಿತಕ್ಕೆ ಕಾರಣವಾಗುತ್ತದೆ. ದಪ್ಪ ತುಂಡು ಹೊರಗಿಗಿಂತ ಒಳಗೇ ಬೇಗ ಸವೆಯುತ್ತದೆ. ಅಳೆದದ್ದು ಪಾಲಿಮರಿನ ಗುಣವೋ ತುಂಡಿನ ಆಕಾರದ ಗುಣವೋ ಬಿಡಿಸಿ ಹೇಳಲಾಗುವುದಿಲ್ಲ. ಅದನ್ನೇ ನೀರಿನ ಮೇಲೆ ಒಂದಣು ದಪ್ಪಕ್ಕೆ ಹರಡಿದರೆ ಪ್ರತಿಯೊಂದು ಎಸ್ಟರ್ ಕೊಂಡಿಯೂ ನೀರಿಗೆ ಕೈಗೆಟಕುವಷ್ಟು ಹತ್ತಿರ. ಕಡಿದು ಬಿದ್ದ ಚಿಕ್ಕ ಚೂರುಗಳು ಕೆಳಗಿನ ನೀರಿಗೆ ಇಳಿದುಹೋಗುತ್ತವೆ. ನೀರನ್ನು ಸ್ವಲ್ಪ ಕ್ಷಾರ ಮಾಡಿದರೆ ತಿಂಗಳುಗಳ ಕಥೆ ಗಂಟೆಗಳಲ್ಲಿ ಮುಗಿಯುತ್ತದೆ. ಒತ್ತಡ ಇಷ್ಟೇ ಇರಲಿ ಎಂದು ಕಂಪ್ಯೂಟರಿಗೆ ಹೇಳಿಟ್ಟರೆ, ಪದರ ಸವೆದಂತೆ ಪಟ್ಟಿಗಳು ತಾವೇ ಒಳಕ್ಕೆ ಸರಿಯುತ್ತ ಒತ್ತಡವನ್ನು ಕಾಯ್ದುಕೊಳ್ಳುತ್ತವೆ. ಪಟ್ಟಿ ಸರಿದ ದೂರವೇ ಕರಗಿದ ಲೆಕ್ಕ.

ಕೆಲಸದ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ತೊಟ್ಟಿಯನ್ನು ಕ್ಲೋರೋಫಾರ್ಮ್ ಅದ್ದಿದ ನಾರಿಲ್ಲದ ಕಾಗದದಿಂದ ಒರೆಸಿ, ಶುದ್ಧ ನೀರಿನಿಂದ ತೊಳೆದು, ಅಂಚಿಗಿಂತ ಕೂದಲೆಳೆ ಮೇಲಕ್ಕೆ ಉಬ್ಬುವ ಹಾಗೆ ನೀರು ತುಂಬುತ್ತೇವೆ. ಎರಡೂ ಪಟ್ಟಿಗಳನ್ನು ಹತ್ತಿರ ತಂದು, ನಡುವೆ ಸಿಕ್ಕಿದ ಮೇಲ್ಮೈಯನ್ನು ಗಾಜಿನ ಕೊಳವೆಯ ಮೊನೆಯಿಂದ ಹೀರುತ್ತೇವೆ. ಮತ್ತೆ ತೆರೆದು, ಮತ್ತೆ ಮುಚ್ಚಿ, ಖಾಲಿ ನೀರನ್ನು ಒತ್ತಿದಾಗ ಒತ್ತಡದ ಗೆರೆ ಅಲುಗಾಡದೆ ಇರುವ ತನಕ ಇದೇ ಕೆಲಸ. ಒಂದು ಬೆರಳ ಗುರುತಿನ ಜಿಡ್ಡು ಸಾಕು, ಇಡೀ ದಿನ ಹಾಳು. ಆಮೇಲೆ ಸೂಜಿಯ ಮೊನೆಯನ್ನು ನೀರಿಗೆ ತಾಗಿಯೂ ತಾಗದ ಹಾಗೆ ಹಿಡಿದು, ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಪಾಲಿಮರನ್ನು ಪುಟ್ಟಪುಟ್ಟ ಹನಿಯಾಗಿ ಅಲ್ಲಲ್ಲಿ ಬಿಡಬೇಕು. ಹನಿ ಬಿದ್ದ ಕ್ಷಣ ಕಣ್ಣಿಗೆ ಕಾಣುವಂತೆ ನಡುಗಿ, ಹರಡಿ, ಇಲ್ಲವಾಗುತ್ತದೆ. ಹದಿನೈದು ನಿಮಿಷ ಕಾದರೆ ಕ್ಲೋರೋಫಾರ್ಮ್ ಆರುತ್ತದೆ. ತೂಗುವ ಬಿಲ್ಲೆಯ ಜಾಗದಲ್ಲಿ ನಮಗೆ ಒಂದು ತುಂಡು ಸೋಸುಕಾಗದ. ಶುದ್ಧ ನೀರಿನ ಎಳೆತ 20 ಡಿಗ್ರಿಯಲ್ಲಿ ಮೀಟರಿಗೆ 72.8 ಮಿಲಿನ್ಯೂಟನ್, ಪದರ ಬಂದಂತೆ ಅದು ಎಷ್ಟು ಇಳಿಯಿತೋ ಅದೇ ಪದರದ ಒತ್ತಡ.

ನನಗೆ ಅತ್ಯಂತ ಪ್ರೀತಿಯ ಪದರಗಳು ಕಸಿ ಪಾಲಿಮರುಗಳದ್ದು. ಡೆಕ್ಸ್‌ಟ್ರಾನ್ ಎಂಬುದು ಸಕ್ಕರೆಯ ಸರಪಣಿ, ನೀರಿಗೆ ಬಹಳ ಒಗ್ಗುವಂಥದ್ದು. ಅದನ್ನು ಕಟ್ಟಿಕೊಡುವುದು ಲ್ಯೂಕೊನೋಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ; ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಕ್ಕಿಬರುವುದರಲ್ಲೂ ಅದರದ್ದೇ ದೊಡ್ಡ ಪಾಲು. ಈ ಕಾಂಡಕ್ಕೆ ಪಾಲಿಲ್ಯಾಕ್ಟಿಕ್ ಆಮ್ಲದ ಕೊಂಬೆಗಳನ್ನು ಕಸಿ ಮಾಡುತ್ತಾರೆ. ಡೆಕ್ಸ್‌ಟ್ರಾನಿನ ಹೈಡ್ರಾಕ್ಸಿಲ್‌ಗಳಲ್ಲಿ ಬಹುಪಾಲನ್ನು ಸಿಲಿಕಾನಿನ ಗುಂಪುಗಳಿಂದ ಮುಚ್ಚಿ, ಉಳಿದ ಕೆಲವು ಕಡೆಗಳಿಂದ ಮಾತ್ರ ಕೊಂಬೆ ಬೆಳೆಸಿ, ಕೊನೆಗೆ ಮುಚ್ಚಿದ್ದನ್ನು ತೆಗೆಯುತ್ತಾರೆ. ಎಷ್ಟು ಕೊಂಬೆ, ಎಷ್ಟು ಉದ್ದ ಎಂಬುದು ಹೀಗೆ ನಮ್ಮ ಹತೋಟಿಗೆ ಬರುತ್ತದೆ. ಔಷಧವನ್ನು ಒಳಗಿಟ್ಟುಕೊಂಡು ರಕ್ತದಲ್ಲಿ ಸಾಗುವ ಕಣಗಳನ್ನು ಇಂಥ ವಸ್ತುಗಳಿಂದ ಮಾಡುತ್ತಾರೆ. ಕಣದ ಮೈ ಎಂದರೆ ಪಾಲಿಮರ್ ಮತ್ತು ನೀರು ಸೇರುವ ಗಡಿ. ಆ ಗಡಿಯನ್ನು ಚಪ್ಪಟೆಯಾಗಿ ಹರಡಿ ನೋಡಲು ಸಿಗುವ ಜಾಗ ತೊಟ್ಟಿ.

ಹರಡಿದಾಗ ಏನಾಗುತ್ತದೆ? ಜಾಗ ಧಾರಾಳವಾಗಿದ್ದಾಗ ಎಲ್ಲವೂ ಚಪ್ಪಟೆಯಾಗಿ ಮಲಗಿರುತ್ತದೆ. ಪಟ್ಟಿಗಳನ್ನು ಸರಿಸಿ ಜಾಗ ಕಿರಿದು ಮಾಡಿದಂತೆ, ನೀರಿಗೆ ಒಗ್ಗದ ಕೊಂಬೆಗಳು ಮೇಲ್ಮೈಯನ್ನು ಹಿಡಿದುಕೊಳ್ಳುತ್ತವೆ. ನೀರಿಗೆ ಒಗ್ಗುವ ಭಾಗ ಜಾಗ ಬಿಟ್ಟುಕೊಟ್ಟು ಕೆಳಗಿನ ನೀರಿಗೆ ಇಳಿಯುತ್ತದೆ. ನೀರಿಗೆ ಒಗ್ಗುವ ಪಾಲಿಎಥಿಲೀನ್ ಗ್ಲೈಕಾಲನ್ನು ಕಸಿ ಮಾಡಿದ ಪದರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಒತ್ತಡ ಮೀಟರಿಗೆ 10 ಮಿಲಿನ್ಯೂಟನ್ ಸುಮಾರಿಗೆ ಬಂದಾಗ ಗೆರೆ ಏರುವುದನ್ನು ಬಿಟ್ಟು ಅಡ್ಡಕ್ಕೆ ಹರಿಯುತ್ತದೆ, ಸರಪಣಿಗಳು ಒಂದೊಂದಾಗಿ ನೀರಿಗೆ ಇಳಿಯುತ್ತಿವೆ ಎಂದರ್ಥ. ಇನ್ನೂ ಒತ್ತಿದರೆ ಒಂದರ ಪಕ್ಕ ಒಂದು ಇಕ್ಕಟ್ಟಾಗಿ, ಮಲಗಲು ಜಾಗವಿಲ್ಲದೆ, ಸಸಿಮಡಿಯ ಭತ್ತದ ಪೈರಿನಂತೆ ಉದ್ದಕ್ಕೆ ಚಾಚಿಕೊಳ್ಳುತ್ತವೆ. ಇಲ್ಲಿ ಚಾಚುವುದು ಕೆಳಮುಖವಾಗಿ, ನೀರಿನೊಳಕ್ಕೆ. ಇಕ್ಕಟ್ಟಿನಿಂದ ಸರಪಣಿ ಎಷ್ಟು ಉದ್ದಕ್ಕೆ ಚಾಚುತ್ತದೆ ಎಂಬ ಲೆಕ್ಕವನ್ನು ಇಸ್ರೇಲಿನ ಶ್ಲೋಮೊ ಅಲೆಕ್ಸಾಂಡರ್ 1977ರಲ್ಲಿ, ಫ್ರಾನ್ಸಿನ ಪಿಯೆರ್-ಜಿಲ್ ದ ಜೆನ್ 1980ರಲ್ಲಿ ಮಾಡಿಕೊಟ್ಟರು. ಅವರ ಲೆಕ್ಕ ಪಾಕೆಲ್ಸ್ ತೊಟ್ಟಿಯ ಮೇಲೆ ಪರೀಕ್ಷೆಗೆ ಸಿಗುತ್ತದೆ ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ.

ಬೆಂಗಳೂರಿಗೆ ಈ ವಿದ್ಯೆ ಬಂದದ್ದು ದ್ರವಸ್ಫಟಿಕದ ದಾರಿಯಿಂದ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಮೂವರೂ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಗಮನಿಸಿದ ಕೆಲಸ. ಮುಂದೆ ಸುರೇಶ್ ಮತ್ತು ಅವರ ವಿದ್ಯಾರ್ಥಿಗಳು ಕೊಲೆಸ್ಟರಾಲ್ ಮತ್ತು ಬಿಲ್ಲೆ ಅಣುಗಳ ಪದರಗಳನ್ನು ನೀರಿನ ಮೇಲೆ ಅಭ್ಯಾಸ ಮಾಡಿದರು. ಬಿಲ್ಲೆ ನೀರಿನ ಮೇಲೆ ಮಲಗುತ್ತದೋ ಅಂಚಿನ ಮೇಲೆ ನಿಲ್ಲುತ್ತದೋ ಎಂಬಂಥ ಪ್ರಶ್ನೆಗಳು. ಅದೇ ಊರಿನಲ್ಲಿ ತೊಟ್ಟಿ ತೊಳೆಯಲು ಕಲಿತವಳು ನಾನು.

ಈಗ ಕರಗುವ ವಿಷಯಕ್ಕೆ. ನನ್ನ ಬಳಿ ಹುಬ್ಬಳ್ಳಿಯ ಕಡೆಯ ಹುಡುಗನೊಬ್ಬ ಕೆಲಸಕ್ಕೆ ಸೇರಿದ್ದ. ಮೊದಲ ಸಲ ಕ್ಷಾರದ ನೀರಿನ ಮೇಲೆ ಕಸಿ ಪದರ ಇಟ್ಟು ಪಟ್ಟಿಗಳು ಒಳಕ್ಕೆ ಸರಿಯುವುದನ್ನು ಕಂಡವನೇ ಗಾಬರಿಯಿಂದ ಓಡಿಬಂದ.

“ಮೇಡಂ, ಪದರ ಹೊಂಟೈತ್ರಿ.”

“ಹೋಗಲಿ ಬಿಡಪ್ಪ. ಹೇಗೆ ಹೋಗುತ್ತೆ ಅಂತ ನೋಡೋಕೆ ತಾನೇ ಇಟ್ಟಿರೋದು. ಗೆರೆ ನೆಟ್ಟಗೆ ಇಳೀತಿದೆಯಾ, ಬಾಗಿ ಇಳೀತಿದೆಯಾ?”

“ಮೊದಲ ಸುಮ್ನ ನಿಂತಿತ್ರಿ. ಈಗ ಇಳಿಯಾಕ್ಹತ್ತೈತಿ.”

“ಅದನ್ನ ಬರ್ಕೋ ಮೊದ್ಲು.”

ಅವನು ಬರೆದುಕೊಂಡದ್ದರಲ್ಲಿ ಇಡೀ ವಿಷಯ ಇತ್ತು. ಸರಪಣಿ ತುದಿಯಿಂದ ಒಂದೊಂದೇ ಕೊಂಡಿಯಾಗಿ ಕಡಿಯುತ್ತಿದ್ದರೆ ಪ್ರತಿ ಕಡಿತಕ್ಕೂ ಒಂದು ಪುಟ್ಟ ಚೂರು ನೀರಿಗಿಳಿಯುತ್ತದೆ, ವಿಸ್ತೀರ್ಣ ಮೊದಲ ನಿಮಿಷದಿಂದಲೇ ಒಂದೇ ಸಮನೆ ಇಳಿಯುತ್ತದೆ. ನಡುವೆ ಎಲ್ಲೆಂದರಲ್ಲಿ ಕಡಿಯುತ್ತಿದ್ದರೆ ಮೊದಮೊದಲು ಏನೂ ಆಗದ ಹಾಗೆ ಕಾಣುತ್ತದೆ: ಅರ್ಧವಾದ ಸರಪಣಿಯೂ ನೀರಿಗಿಳಿಯಲಾರದಷ್ಟು ಉದ್ದವೇ. ಚೂರುಗಳು ಸಾಕಷ್ಟು ಗಿಡ್ಡವಾದ ಮೇಲೆ ಇಳಿತ ಶುರುವಾಗುತ್ತದೆ. ಹುಡುಗ ನೋಡಿದ್ದು ಆ ಕಾಯುವ ಹೊತ್ತನ್ನು. ಕ್ಷಾರದ ಬದಲು ಪ್ರೋಟಿನೇಸ್ ಕೆ ಎಂಬ ಕಿಣ್ವವನ್ನು ನೀರಿಗೆ ಹಾಕಿದರೆ ಅದು ಲ್ಯಾಕ್ಟಿಕ್ ಆಮ್ಲದ ಎಡಗೈ ರೂಪದ ಸರಪಣಿಯನ್ನು ಕಡಿಯುತ್ತದೆ, ಬಲಗೈ ರೂಪವನ್ನು ಮುಟ್ಟುವುದಿಲ್ಲ. ಎರಡನ್ನೂ ಬೆರೆಸಿ ಕೊಂಬೆ ಬೆಳೆಸಿದರೆ ಕಡಿತ ಅದರ ಮಿಶ್ರಣಕ್ಕೆ ತಕ್ಕಂತೆ ನಿಧಾನವಾಗುತ್ತದೆ.

ಕಸಿ ಪದರದಲ್ಲಿ ಇನ್ನೊಂದು ತೊಡಕಿದೆ, ನನ್ನ ಈಗಿನ ಕೆಲಸವೆಲ್ಲ ಅದರ ಸುತ್ತ. ಡೆಕ್ಸ್‌ಟ್ರಾನ್ ಕಾಂಡ ತನ್ನಷ್ಟಕ್ಕೆ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಕೊಂಬೆಗಳು ಅದನ್ನು ಹಿಡಿದಿಟ್ಟಿರುತ್ತವೆ. ಕೊಂಬೆಗಳು ಕಡಿದು ಕಡಿಮೆಯಾದಂತೆ ಒಂದು ಹಂತದಲ್ಲಿ ಕಾಂಡ ಉಳಿದ ಕೊಂಬೆಗಳ ಸಮೇತ ನೀರಿಗೆ ಇಳಿದುಬಿಡುತ್ತದೆ. ಆಗ ಪಟ್ಟಿ ಸರಿದ ದೂರ ಕಡಿತದ ಲೆಕ್ಕವನ್ನಷ್ಟೇ ಕೊಡುವುದಿಲ್ಲ, ಇಳಿದುಹೋದದ್ದನ್ನೂ ಸೇರಿಸಿಕೊಳ್ಳುತ್ತದೆ. ಎರಡನ್ನೂ ಬೇರ್ಪಡಿಸಲು ಅದೇ ಪದರವನ್ನು ಕಡಿಯದ ತಟಸ್ಥ ನೀರಿನ ಮೇಲೂ ಅಷ್ಟೇ ಹೊತ್ತು ಇಟ್ಟು, ಬರೀ ಇಳಿತ ಎಷ್ಟೆಂದು ತಿಳಿದು ಕಳೆಯುತ್ತೇವೆ. ಜೊತೆಗೆ 1991ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಕಟ್ಟಿದ ಬ್ರೂಸ್ಟರ್ ಕೋನದ ಸೂಕ್ಷ್ಮದರ್ಶಕದಿಂದ ಪದರವನ್ನು ಕಣ್ಣಾರೆ ನೋಡುತ್ತೇವೆ. ಬರಿ ನೀರು ಅದರಲ್ಲಿ ಕಪ್ಪಗೆ, ಪಾಲಿಮರ್ ಬೆಳ್ಳಗೆ. ಕರಗುವಾಗ ಬಿಳುಪು ಎಲ್ಲೆಡೆ ಸಮನಾಗಿ ಮಾಸುವುದಿಲ್ಲ. ಒತ್ತೊತ್ತಾಗಿ ಗಟ್ಟಿಗೊಂಡ ದ್ವೀಪಗಳು ಕೊನೆಯವರೆಗೆ ಉಳಿಯುತ್ತವೆ, ಅವುಗಳ ನಡುವಿನ ತೆಳುಭಾಗ ಮೊದಲು ಹೋಗುತ್ತದೆ. ಕೊಂಬೆಯನ್ನು ಗಿಡ್ಡ ಮಾಡಿ ಸಂಖ್ಯೆ ಹೆಚ್ಚಿಸಿದರೆ ದ್ವೀಪಗಳು ಕಟ್ಟಿಕೊಳ್ಳುವುದು ಕಡಿಮೆಯಾಗಬೇಕು ಎಂಬುದು ನಮ್ಮ ಅಂದಾಜು. ಹಾಗೆ ಮಾಡಿದ ಹೊಸ ಪಾಲಿಮರ್ ಶೀಶೆಯಲ್ಲಿ ಸಿದ್ಧವಾಗಿದೆ. ಮುಂದಿನ ವಾರ ಹರಡುವವರಿದ್ದೇವೆ.